ಎಂಟಿಬಿ ಚಕ್ರಕ್ಕೆ ಟ್ಯೂಬ್‌ಲೆಸ್: ಯಾರಿಗೆ ಬೇಕು, ಯಾರಿಗೆ ಬೇಡ, ಮಾಡುವುದು ಹೇಗೆ

‘ನನ್ನ ಎಂಟಿಬಿಯನ್ನು ಟ್ಯೂಬ್‌ಲೆಸ್ ಮಾಡಿಸಬಹುದಾ, ಮಾಡಿಸಿದರೆ ಉಪಯೋಗ ಇದೆಯಾ?’ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಎಂಟಿಬಿ ಎಂದರೆ ಮೌಂಟನ್ ಬೈಕ್, ಗುಡ್ಡಗಾಡಿನ ದಾರಿಗೆಂದು ಮಾಡಿದ ಸೈಕಲ್. ಮಾಡಿಸಬಹುದೋ ಇಲ್ಲವೋ ಎಂಬುದನ್ನು ನಿಮ್ಮ ರಿಮ್ ಹೇಳುತ್ತದೆ. ಉಪಯೋಗ ಇದೆಯೋ ಇಲ್ಲವೋ ಎಂಬುದು ನೀವು ಓಡಿಸುವ ದಾರಿಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಸೈಕಲ್ ಹೊರಗೆ ತೆಗೆಯುವ ನಿಮ್ಮ ಅಭ್ಯಾಸದ ಮೇಲೆ ನಿಂತಿದೆ.

ಮೊದಲು ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳಿ, ಮುಂದಿನ ಹಂತಗಳೆಲ್ಲ ಸುಲಭವಾಗುತ್ತವೆ. ಮಾಮೂಲಿ ಚಕ್ರದಲ್ಲಿ ಗಾಳಿ ಹಿಡಿದುಕೊಳ್ಳುವುದು ಟ್ಯೂಬು, ಟಯರ್ ಅದಕ್ಕೊಂದು ಹೊದಿಕೆ. ಟ್ಯೂಬ್ ತೆಗೆದರೆ ಗಾಳಿ ಸೋರಲು ಮೂರು ದಾರಿಗಳು ಉಳಿಯುತ್ತವೆ: ಸ್ಪೋಕುಗಳ ತೂತುಗಳು, ವಾಲ್ವಿನ ತೂತು, ಟಯರ್ ರಿಮ್ಮಿಗೆ ಕೂರುವ ಸಂದು. ಸ್ಪೋಕಿನ ತೂತುಗಳನ್ನು ಟೇಪ್ ಮುಚ್ಚುತ್ತದೆ, ವಾಲ್ವಿನ ತೂತನ್ನು ರಬ್ಬರ್ ಬುಡದ ವಾಲ್ವ್ ಮುಚ್ಚುತ್ತದೆ, ಸಂದನ್ನು ಬೀಡ್ ಮುಚ್ಚುತ್ತದೆ. ಬೀಡ್ ಎಂದರೆ ಟಯರಿನ ಒಳ ಅಂಚಿನಲ್ಲಿರುವ ಗಟ್ಟಿ ಬಳೆ. ಇಷ್ಟಾದ ಮೇಲೆ ಒಳಗೆ ಸೀಲೆಂಟ್ ಹಾಕುತ್ತೇವೆ. ಅದು ಹಾಲಿನಂಥ ದ್ರವ, ಹೆಚ್ಚಿನವು ರಬ್ಬರ್ ಹಾಲಿನಿಂದಲೇ ತಯಾರಾದವು. ಮುಳ್ಳು ಚುಚ್ಚಿದ ಕಡೆ ಗಾಳಿಯ ಜೊತೆ ನುಗ್ಗಿ ಬಂದು ಅಲ್ಲೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ.

ಸ್ಕೂಟರಿನ ಟ್ಯೂಬ್‌ಲೆಸ್ ಟಯರಿಗೆ ಇದು ಬೇಕಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಆ ಟಯರಿನ ಗೋಡೆ ದಪ್ಪ, ರಿಮ್ಮಿನ ತಳದಲ್ಲಿ ವಾಲ್ವಿನದು ಬಿಟ್ಟರೆ ಬೇರೆ ತೂತಿಲ್ಲ. ಫ್ರಾನ್ಸಿನ ಮಾವಿಕ್ ಕಂಪನಿ 1999ರಲ್ಲಿ ಸೈಕಲ್ಲಿಗೆ ತಂದ ಯುಎಸ್‌ಟಿ ವ್ಯವಸ್ಥೆಯೂ ಅದೇ ಬಗೆಯದು: ತಳದಲ್ಲಿ ತೂತಿಲ್ಲದ ರಿಮ್, ದಪ್ಪ ಗೋಡೆಯ ಟಯರ್. ಗಾಳಿ ನಿಂತಿತು, ತೂಕ ಏರಿತು. ಈಗ ಎಲ್ಲರೂ ಮಾಡುವುದು ಹಗುರ ಟಯರ್, ಟೇಪ್, ಸೀಲೆಂಟ್ ಸೇರಿದ ಕ್ರಮ.

ಯಾರಿಗೆ ಲಾಭ?

ಬಯಲುಸೀಮೆಯಲ್ಲಿ ಹೊಲದ ಬದು, ಕೆರೆ ಏರಿ, ಕುರುಚಲು ಕಾಡಿನ ಕಾಲುದಾರಿಗಳಲ್ಲಿ ಓಡಿಸುವವರಿಗೆ ಲಾಭ ಕಣ್ಣಿಗೇ ಕಾಣುತ್ತದೆ. ನೆಗ್ಗಿಲು ಮುಳ್ಳು ನೆಲದಲ್ಲಿ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತದೆ, ತುದಿ ಮುರಿದು ಟಯರಿನೊಳಗೇ ಉಳಿದು ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಇಂಥ ಸಣ್ಣ ತೂತುಗಳು ಸೀಲೆಂಟಿಗೆ ಲೆಕ್ಕಕ್ಕೇ ಇಲ್ಲ. ಎಷ್ಟೋ ಸಲ ಮುಳ್ಳು ಚುಚ್ಚಿದ್ದು ಗೊತ್ತಾಗುವುದು ಮನೆಗೆ ಬಂದು ಟಯರ್ ತೊಳೆಯುವಾಗ.

ಮಲೆನಾಡಿನ ಕಲ್ಲು-ಬೇರುಗಳ ದಾರಿಯಲ್ಲಿ ಲಾಭ ಬೇರೆ. ಟ್ಯೂಬ್ ಇದ್ದಾಗ ಗಾಳಿ ಕಡಿಮೆ ಮಾಡಿದರೆ, ಕಲ್ಲಿಗೆ ಬಡಿದ ಕ್ಷಣ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ. ಇದನ್ನು ಪಿಂಚ್ ಪಂಕ್ಚರ್ ಎನ್ನುತ್ತಾರೆ. ಟ್ಯೂಬೇ ಇಲ್ಲವಾದರೆ ಆ ಭಯ ಬಹುಪಾಲು ಹೋಯಿತು. ಟಯರಿನ ಗಾಳಿಯ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ಅಳೆಯುತ್ತಾರೆ. 30-35 ಪಿಎಸ್‌ಐ ಇಡುತ್ತಿದ್ದವರು 22-26ಕ್ಕೆ ಇಳಿಸಬಹುದು. ಟಯರ್ ನೆಲವನ್ನು ತಬ್ಬಿ ಉರುಳುತ್ತದೆ, ಒದ್ದೆ ಬೇರಿನ ಮೇಲೆ ಜಾರುವುದು ಕಡಿಮೆಯಾಗುತ್ತದೆ, ಕೈಗೆ ಬರುವ ಕುಲುಕಾಟ ಇಳಿಯುತ್ತದೆ. ನನ್ನ ಮಟ್ಟಿಗೆ ಟ್ಯೂಬ್‌ಲೆಸ್ಸಿನ ನಿಜವಾದ ಲಾಭ ಈ ಹಿಡಿತ, ಪಂಕ್ಚರ್ ತಪ್ಪುವುದು ಆಮೇಲಿನದು.

ತೂಕ ಇಳಿಯುತ್ತದೆ ಎಂಬ ಮಾತನ್ನು ತುಂಬಾ ನಂಬಬೇಡಿ. 29 ಇಂಚಿನ ಸಾಧಾರಣ ಟ್ಯೂಬ್ ಸುಮಾರು 200 ಗ್ರಾಂ. ಅದರ ಬದಲು 100 ಮಿ.ಲೀ. ಸೀಲೆಂಟ್, ವಾಲ್ವ್, ಟೇಪ್ ಸೇರುತ್ತವೆ. ಉಳಿಯುವುದು ಚಕ್ರಕ್ಕೆ 70-80 ಗ್ರಾಂ.

ಯಾರಿಗೆ ಬೇಡ?

ಡಾಂಬರು ರಸ್ತೆಯಲ್ಲೇ ಓಡಿಸುವವರಿಗೆ ಖರ್ಚು-ಕೆಲಸ ಎರಡೂ ದಂಡ. ತಿಂಗಳಿಗೊಮ್ಮೆ ಸೈಕಲ್ ಹೊರಗೆ ತೆಗೆಯುವವರಿಗಂತೂ ಬೇಡವೇ ಬೇಡ: ನಿಂತ ಚಕ್ರದಲ್ಲಿ ಸೀಲೆಂಟ್ ಒಂದೇ ಕಡೆ ಶೇಖರವಾಗಿ ಒಣಗುತ್ತದೆ, ಬೇಕಾದ ದಿನ ಚಕ್ರ ಚಪ್ಪಟೆಯಾಗಿರುತ್ತದೆ. ರಿಮ್ ಟ್ಯೂಬ್‌ಲೆಸ್‌ಗೆ ಆಗದಿದ್ದವರು ಕೂಡ ಬಲವಂತ ಮಾಡಬಾರದು. ಹಳೇ ಟ್ಯೂಬನ್ನು ಸೀಳಿ ರಿಮ್ಮಿಗೆ ಹಾಸಿ ಟ್ಯೂಬ್‌ಲೆಸ್ ಮಾಡುವ ಉಪಾಯ ಅಂತರ್ಜಾಲದಲ್ಲಿ ಸಿಗುತ್ತದೆ. ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಿಕೊಂಡರೆ ಮುರಿಯುವುದು ಕೊರಳೆಲುಬು. ಅಂಥವರಿಗೆ ಬೇರೆ ಹಾದಿ ಇದೆ: ವಾಲ್ವಿನ ಒಳತಿರುಳು (ಗಾಳಿ ಹಿಡಿದಿಡುವ ಒಳಗಿನ ಸಣ್ಣ ಭಾಗ) ಬಿಚ್ಚಬಹುದಾದ ಮಾಮೂಲಿ ರಬ್ಬರ್ ಟ್ಯೂಬಿನೊಳಗೇ 60 ಮಿ.ಲೀ. ಸೀಲೆಂಟ್ ಹಾಕಿ. ಮುಳ್ಳಿಗೆ ಅದು ಸಾಕು, ಪಿಂಚ್ ಪಂಕ್ಚರಿಗೆ ಮಾತ್ರ ಆಗದು.

ರಿಮ್, ಟಯರ್ ಆಗುತ್ತವೆಯೇ ನೋಡುವುದು

ಟಯರ್ ಬಿಚ್ಚಿ ರಿಮ್ಮಿನ ಒಳಭಾಗ ನೋಡಿ. ಬೆರಳು ಆಡಿಸಿದರೆ ನಡುವೆ ಒಂದು ಕಾಲುವೆ, ಅದರ ಎರಡೂ ಬದಿ ಸಮತಟ್ಟಾದ ಜಗುಲಿ, ಜಗುಲಿಯ ಒಳ ಅಂಚಿನಲ್ಲಿ ಸಣ್ಣ ದಿಣ್ಣೆ ಸಿಗಬೇಕು. ಬೀಡ್ ಆ ಜಗುಲಿಯ ಮೇಲೆ ಕೂರುತ್ತದೆ, ದಿಣ್ಣೆ ಅದನ್ನು ಒಳಕ್ಕೆ ಜಾರದಂತೆ ತಡೆಯುತ್ತದೆ. ಒಂದೇ ಗೋಡೆಯ ರಿಮ್ಮಿನಲ್ಲಿ ತಳದ ತಗಡಿನಲ್ಲೇ, ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟುಗಳಾದ ಸ್ಪೋಕ್ ನಿಪ್ಪಲ್‌ಗಳ ತಲೆ ಕಾಣುತ್ತವೆ, ಜಗುಲಿ ಇರುವುದಿಲ್ಲ. ಅದು ಆಗುವುದಿಲ್ಲ. ಅಗ್ಗದ ಎಂಟಿಬಿಗಳಲ್ಲಿ ಹೆಚ್ಚಾಗಿ ಇರುವುದು ಇದೇ.

ರಿಮ್ಮಿನ ಮೇಲೆ ‘622x25’ ಎಂಬಂತೆ ಬರೆದಿರುತ್ತದೆ. 622 ಎಂದರೆ ಬೀಡ್ ಕೂರುವ ವ್ಯಾಸ ಮಿ.ಮೀ.ಗಳಲ್ಲಿ (29 ಇಂಚಿಗೆ 622, 27.5ಕ್ಕೆ 584, 26ಕ್ಕೆ 559), 25 ಎಂದರೆ ಒಳ ಅಗಲ. ಈ ಅಗಲ ನೆನಪಿಟ್ಟುಕೊಳ್ಳಿ, ಟೇಪ್ ಕೊಳ್ಳುವಾಗ ಬೇಕು.

ಟಯರಿನ ಪಕ್ಕದಲ್ಲಿ ‘ಟ್ಯೂಬ್‌ಲೆಸ್ ರೆಡಿ’ ಎಂದಿರಬೇಕು. ಕಂಪನಿಗೊಂದು ಹೆಸರು: ಮ್ಯಾಕ್ಸಿಸ್ ‘ಟಿಆರ್’ ಎನ್ನುತ್ತದೆ, ಡಬ್ಲ್ಯುಟಿಬಿ ‘ಟಿಸಿಎಸ್’ ಎನ್ನುತ್ತದೆ, ಸ್ಪೆಷಲೈಜ್ಡ್ ‘2ಬ್ಲಿಸ್’ ಎನ್ನುತ್ತದೆ. ಇದಿಲ್ಲದ ಮಾಮೂಲಿ ಟಯರಿನ ಬೀಡ್ ಒತ್ತಡಕ್ಕೆ ಹಿಗ್ಗಬಹುದು, ಪಕ್ಕದ ಗೋಡೆಯಿಂದ ಸೀಲೆಂಟ್ ಬೆವರಿನಂತೆ ಜಿನುಗುತ್ತದೆ. ರಿಮ್ ಸರಿಯಿದ್ದು ಟಯರ್ ಸರಿಯಿಲ್ಲದಿದ್ದರೆ ಟಯರ್ ಸವೆಯುವವರೆಗೆ ಕಾದು, ಬದಲಿಸುವಾಗ ಇದನ್ನೂ ಮಾಡಿ.

ಬೇಕಾಗುವ ಸಾಮಾನು

ಟ್ಯೂಬ್‌ಲೆಸ್ ಟೇಪ್, ರಿಮ್ಮಿನ ಒಳ ಅಗಲಕ್ಕಿಂತ 2ರಿಂದ 5 ಮಿ.ಮೀ. ಅಗಲವಿರುವುದು. 25 ಮಿ.ಮೀ. ರಿಮ್ಮಿಗೆ 28 ಅಥವಾ 30 ಚೆನ್ನಾಗಿ ಕೂರುತ್ತದೆ. 29 ಇಂಚಿನ ರಿಮ್ಮಿಗೆ ಒಂದು ಸುತ್ತಿಗೆ ಸುಮಾರು 1.95 ಮೀಟರ್ ಬೇಕು. ಎರಡು ಚಕ್ರ, ಎರಡೆರಡು ಸುತ್ತು ಎಂದರೆ 8 ಮೀಟರ್ ಮೇಲೆ ಸ್ವಲ್ಪ. 10 ಮೀಟರಿನ ಸುರುಳಿ ಸಾಕು. ವೈರಿಂಗಿನ ಕರಿ ಟೇಪು, ಪ್ಯಾಕಿಂಗ್ ಟೇಪು ಬೇಡ. ಅವು ಹಿಗ್ಗಿ ಸ್ಪೋಕಿನ ತೂತಿನೊಳಗೆ ಕುಸಿಯುತ್ತವೆ, ಅಂಟು ಸೀಲೆಂಟಿಗೆ ಬಿಟ್ಟುಕೊಳ್ಳುತ್ತದೆ.

ಟ್ಯೂಬ್‌ಲೆಸ್ ವಾಲ್ವ್ ಎರಡು, ಒಳತಿರುಳು ಬಿಚ್ಚಲು ಬರುವಂಥವು. ರಿಮ್ಮಿನ ತೂತು ನೋಡಿ ಕೊಳ್ಳಿ. ಸಪೂರದ ಪ್ರೆಸ್ಟಾ ವಾಲ್ವಿಗೆ 6.5 ಮಿ.ಮೀ. ತೂತು, ಬೈಕಿನಂಥ ದಪ್ಪ ಶ್ರೇಡರ್ ವಾಲ್ವಿಗೆ 8.5 ಮಿ.ಮೀ. ದೊಡ್ಡ ತೂತಿಗೆ ಸಪೂರ ವಾಲ್ವ್ ಹಾಕಿದರೆ ಬುಡ ಅಲುಗಾಡಿ ಸೋರುತ್ತಲೇ ಇರುತ್ತದೆ. ಶ್ರೇಡರ್ ತೂತಿಗೆ ಬೇರೆ ಟ್ಯೂಬ್‌ಲೆಸ್ ವಾಲ್ವ್ ಸಿಗುತ್ತದೆ, ಅದನ್ನೇ ಹುಡುಕಿ.

ಸೀಲೆಂಟ್ ಪ್ರಮಾಣ ಚಕ್ರವೊಂದಕ್ಕೆ (ಟಯರಿನ ಅಳತೆ ಇಂಚಿನಲ್ಲಿ, ವ್ಯಾಸ x ಅಗಲ): 26x2.1ಕ್ಕೆ 80 ಮಿ.ಲೀ., 27.5x2.25ಕ್ಕೆ 90-100, 29x2.25ಕ್ಕೆ 100-120. ಹೊಸ ಟಯರಿನ ಗೋಡೆ ಮೊದಲ ಸಲ ಒಂದಿಷ್ಟು ಹೀರಿಕೊಳ್ಳುವುದರಿಂದ ಇನ್ನೂ 20 ಮಿ.ಲೀ. ಸೇರಿಸಿ. ಮೋಟರ್ ಬೈಕಿನ ಟಯರಿಗೆ ಹಾಕುವ ಹಸಿರು ಜೆಲ್ ಇದಕ್ಕೆ ಬದಲಿಯಲ್ಲ. ಅದು ಒಣಗಿ ಹೆಪ್ಪುಗಟ್ಟುವ ಜಾತಿಯದಲ್ಲ, ಬೀಡಿನ ಸಂದನ್ನು ಮುಚ್ಚುವುದಿಲ್ಲ.

ಇವುಗಳ ಜೊತೆ ಐಸೊಪ್ರೊಪೈಲ್ ಆಲ್ಕೋಹಾಲ್, ನಯವಾದ ಬಟ್ಟೆ, ಟಯರ್ ಎಬ್ಬಿಸುವ ಪ್ಲಾಸ್ಟಿಕ್ ಲಿವರ್, ವಾಲ್ವ್ ತಿರುಳು ಬಿಚ್ಚುವ ಕೀಲಿ, 60 ಮಿ.ಲೀ. ಸಿರಿಂಜು, ಸೋಪು ನೀರು, ನಿಂತು ಹೊಡೆಯುವ ದೊಡ್ಡ ಪಂಪು ಇಟ್ಟುಕೊಳ್ಳಿ. ಕನ್ನಡಕವೂ ಇರಲಿ. ರಬ್ಬರ್ ಹಾಲಿನ ಅಲರ್ಜಿ ಇದ್ದವರು ಕೈಗವಸು ಹಾಕಿಕೊಳ್ಳಲೇಬೇಕು.

ಕೆಲಸದ ಹಂತಗಳು

1. ಹಳೆಯದನ್ನು ಬಿಚ್ಚಿ ಶುಚಿ ಮಾಡಿ. ಟಯರ್, ಟ್ಯೂಬ್, ಹಳೇ ರಬ್ಬರ್ ಪಟ್ಟಿ ಎಲ್ಲ ತೆಗೆಯಿರಿ. ರಿಮ್ಮಿನ ಒಳಭಾಗವನ್ನು ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ, ಪೂರ್ತಿ ಆರಲು ಬಿಡಿ. ಸೀಮೆಎಣ್ಣೆ, ಪೆಟ್ರೋಲ್ ಬಳಸಬೇಡಿ. ಅವುಗಳ ಜಿಡ್ಡಿನ ಮೇಲೆ ಟೇಪ್ ನಿಲ್ಲುವುದಿಲ್ಲ. ರಿಮ್ಮಿನ ಎರಡು ತುದಿ ಕೂಡುವ ಬೆಸುಗೆಯ ಹತ್ತಿರ, ವಾಲ್ವ್ ತೂತಿನ ಅಂಚಿನಲ್ಲಿ ಚೂಪು ಉಳಿದಿದ್ದರೆ ಮರಳು ಕಾಗದದಿಂದ ಉಜ್ಜಿ.

2. ಟೇಪ್ ಸುತ್ತಿ. ಇಡೀ ಕೆಲಸದ ಪ್ರಾಣ ಇಲ್ಲಿದೆ. ಆಮೇಲೆ ಬರುವ ಹತ್ತು ತಾಪತ್ರಯಗಳಲ್ಲಿ ಹೆಚ್ಚಿನವು ಇಲ್ಲಿ ಮಾಡಿದ ಅವಸರದವು. ಚಕ್ರವನ್ನು ತೊಡೆಗಳ ನಡುವೆ ನಿಲ್ಲಿಸಿಕೊಂಡು, ವಾಲ್ವ್ ತೂತಿನಿಂದ 10 ಸೆಂ.ಮೀ. ಈಚೆ ಟೇಪಿನ ತುದಿ ಅಂಟಿಸಿ. ಒಂದು ಗೇಣಿನಷ್ಟು ಬಿಡಿಸಿ, ಬಿಗಿಯಾಗಿ ಎಳೆದು, ಎಳೆದ ಬಿಗಿ ಬಿಡದೆ ನಡುವಿನ ಕಾಲುವೆಗೆ ಹೆಬ್ಬೆರಳಿನಿಂದ ಒತ್ತಿ, ಆಮೇಲೆ ಎರಡೂ ಬದಿಗೆ ತೀಡಿ. ಮತ್ತೊಂದು ಗೇಣು. ಹೀಗೆ ಎರಡು ಸುತ್ತು ಮುಗಿಸಿ, ಆರಂಭದ ಜಾಗದಿಂದ 15 ಸೆಂ.ಮೀ. ಮುಂದೆ ಹೋಗಿ ಕತ್ತರಿಸಿ. ಸರಿಯಾಗಿ ಕೂತ ಟೇಪಿನ ಕೆಳಗೆ ಸ್ಪೋಕಿನ ತೂತುಗಳ ದುಂಡು ಅಚ್ಚೊತ್ತಿದಂತೆ ಕಾಣುತ್ತದೆ, ಬಿಳಿಚಿದ ಗುಳ್ಳೆ ಇರುವುದಿಲ್ಲ. ಉದ್ದುದ್ದಕ್ಕೆ ಸುಕ್ಕು ಬಿದ್ದರೆ ಕಿತ್ತು ಹೊಸದು ಹಾಕಿ. ಆ ಸುಕ್ಕು ಸೀಲೆಂಟಿಗೆ ಕಾಲುವೆಯಾಗುತ್ತದೆ.

ಟೇಪ್ ಹಾಕಿದ ಮೇಲೆ ಆ ರಿಮ್ಮಿಗೆ ಟಯರನ್ನು ಟ್ಯೂಬಿನ ಜೊತೆ ಹಾಕಿ 35 ಪಿಎಸ್‌ಐ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟರೆ, ಟ್ಯೂಬು ಟೇಪನ್ನು ಒತ್ತಿ ಕೂರಿಸುತ್ತದೆ. ಮಡಚಿಟ್ಟಿದ್ದ ಹೊಸ ಟಯರ್ ಕೂಡ ದುಂಡಾಗುತ್ತದೆ. ಆಗ ಟ್ಯೂಬಿನ ವಾಲ್ವಿಗೆಂದು ಟೇಪಿನಲ್ಲಿ ತೂತು ಮಾಡಲೇಬೇಕು, ಅದನ್ನು ಮುಂದಿನ ಹಂತದಲ್ಲಿ ಹೇಳಿದ ಕ್ರಮದಲ್ಲೇ ಮಾಡಿ. ಸಮಯ ಇದ್ದವರು ಇದನ್ನು ಬಿಡಬೇಡಿ.

3. ವಾಲ್ವ್ ಕೂರಿಸಿ. ವಾಲ್ವ್ ತೂತಿನ ಮೇಲಿನ ಟೇಪನ್ನು ಬ್ಲೇಡಿನಿಂದ ಅಡ್ಡಡ್ಡ ಕೊಯ್ಯಬೇಡಿ, ಕೊಯ್ದ ಗೆರೆ ಒತ್ತಡಕ್ಕೆ ಹರಿಯುತ್ತಾ ಹೋಗುತ್ತದೆ. ಸಣ್ಣ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಟೇಪಿನ ಕಡೆಯಿಂದ ತೂತಿನ ನಡುಮಧ್ಯ ಚುಚ್ಚಿ. ಅಂಚು ಕರಗಿ ದುಂಡಗಾಗುತ್ತದೆ. ವಾಲ್ವನ್ನು ತಳ್ಳಿ, ಹೊರಗಿನ ನಟ್ಟನ್ನು ಕೈಬೆರಳಿನಿಂದಲೇ ಗಟ್ಟಿ ಮಾಡಿ. ಇಕ್ಕಳದಿಂದ ತಿರುಗಿಸಿದರೆ ಕಾಡಿನ ನಡುವೆ ಟ್ಯೂಬ್ ಹಾಕಬೇಕಾಗಿ ಬಂದಾಗ ಬಿಚ್ಚಲಾಗದು.

4. ಟಯರ್ ಹಾಕಿ. ತಿರುಗುವ ದಿಕ್ಕಿನ ಬಾಣದ ಗುರುತು ನೋಡಿಕೊಳ್ಳಿ. ವಾಲ್ವಿನ ಎದುರು ತುದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಭಾಗ ಬಿಗಿಯಾಯಿತೆಂದರೆ ಉಳಿದೆಡೆ ಬೀಡ್ ನಡುವಿನ ಕಾಲುವೆಗೆ ಇಳಿದಿಲ್ಲ ಎಂದರ್ಥ. ಸುತ್ತಲೂ ಹಿಂಡಿ ಇಳಿಸಿದರೆ ಸಡಿಲ ಸಿಗುತ್ತದೆ. ಕಬ್ಬಿಣದ ಲಿವರ್ ಟೇಪನ್ನು ಗೀರುತ್ತದೆ, ಆ ಗೀರು ಕಣ್ಣಿಗೆ ಬೀಳುವುದಿಲ್ಲ.

5. ಸೀಲೆಂಟ್ ಇಲ್ಲದೆ ಗಾಳಿ ತುಂಬಿ ನೋಡಿ. ವಾಲ್ವಿನ ತಿರುಳು ಬಿಚ್ಚಿಡಿ. ಗಾಳಿ ನುಗ್ಗುವ ದಾರಿ ಅಗಲವಾಗುತ್ತದೆ. ಬೀಡಿನ ಸುತ್ತ ಸೋಪು ನೀರು ಹಚ್ಚಿ, ಚಕ್ರವನ್ನು ನೇತುಹಾಕಿ ಅಥವಾ ಎತ್ತಿ ಹಿಡಿದು, ಪಂಪನ್ನು ರಭಸದಿಂದ ಹೊಡೆಯಿರಿ. ‘ಟಪ್, ಟಪ್’ ಎಂದು ಸದ್ದಾಗಿ ಬೀಡ್ ಜಗುಲಿಗೆ ಏರುತ್ತದೆ. ಟಯರಿನ ಪಕ್ಕದಲ್ಲಿ ರಿಮ್ಮಿಗೆ ಸಮಾನಾಂತರವಾಗಿ ಒಂದು ಸಣ್ಣ ಗೆರೆ ಓಡುತ್ತದೆ. ಅದು ಸುತ್ತಲೂ ಒಂದೇ ಎತ್ತರದಲ್ಲಿ ಕಂಡರೆ ಕೂತಿದೆ ಎಂದರ್ಥ. ಟಯರ್ ಮತ್ತು ರಿಮ್ಮಿನ ಮೇಲೆ ಬರೆದ ಗರಿಷ್ಠ ಒತ್ತಡಗಳಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬೇಡಿ. ಹೆಚ್ಚಿನ ಟಯರ್‌ಗಳು 30-40 ಪಿಎಸ್‌ಐ ಒಳಗೇ ಕೂರುತ್ತವೆ. ಮುಖ ಚಕ್ರದ ಹತ್ತಿರ ತರಬೇಡಿ.

ಪಂಪಿಗೆ ಬಗ್ಗದಿದ್ದರೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದೆ. ಪ್ರೆಸ್ಟಾ ವಾಲ್ವಿಗೆ ಸಣ್ಣ ಹಿತ್ತಾಳೆ ಅಡಾಪ್ಟರ್ ಬೇಕು. ಅದು ಕೂರುವುದು ತಿರುಳಿನ ಮೇಲೆ, ಹಾಗಾಗಿ ಆಗ ತಿರುಳು ವಾಲ್ವಿನಲ್ಲೇ ಇರಲಿ. ಅಂಗಡಿಯವರಿಗೆ ಮೊದಲೇ ಹೇಳಿ: ತುಸು ತುಸು ಬಿಡಬೇಕು, ಟಪ್ ಎಂದ ಕೂಡಲೇ ನಿಲ್ಲಿಸಬೇಕು. ಆ ತೊಟ್ಟಿಯ ಒತ್ತಡ ಸೈಕಲ್ ಟಯರ್ ತಾಳುವುದರ ಎಷ್ಟೋ ಪಟ್ಟು. ಪೆಟ್ರೋಲ್ ಬಂಕಿನ ಎಷ್ಟೋ ಡಿಜಿಟಲ್ ಯಂತ್ರಗಳು ಟಯರಿನಲ್ಲಿ ಮೊದಲೇ ಸ್ವಲ್ಪ ಗಾಳಿ ಇದ್ದರೆ ಮಾತ್ರ ಓಡುತ್ತವೆ, ಈ ಕೆಲಸಕ್ಕೆ ಒದಗುವುದಿಲ್ಲ. ಮನೆಯಲ್ಲೇ ಮಾಡುವುದಾದರೆ ಟ್ಯೂಬ್ ಹಾಕಿ ಎರಡೂ ಬೀಡ್ ಕೂರಿಸಿ, ಒಂದು ಬದಿ ಮಾತ್ರ ಬಿಚ್ಚಿ ಟ್ಯೂಬ್ ತೆಗೆಯಿರಿ. ಇನ್ನೊಂದು ಬದಿ ಕೂತೇ ಇರುವುದರಿಂದ ಅರ್ಧ ಕೆಲಸ ಮುಗಿದಿರುತ್ತದೆ.

6. ಸೀಲೆಂಟ್ ಹಾಕಿ. ಗಾಳಿ ಬಿಟ್ಟು, ತಿರುಳು ಇನ್ನೂ ವಾಲ್ವಿನಲ್ಲಿದ್ದರೆ ಬಿಚ್ಚಿ, ವಾಲ್ವನ್ನು ಗಡಿಯಾರದ 4 ಅಥವಾ 8 ಗಂಟೆಯ ಜಾಗಕ್ಕೆ ತನ್ನಿ. ಬಾಟಲಿಯನ್ನು ಅರ್ಧ ನಿಮಿಷ ಬಲವಾಗಿ ಕುಲುಕಿ. ಮಜ್ಜಿಗೆಯ ಹಾಗೆ ಇದರ ಗಟ್ಟಿ ತಳದಲ್ಲಿ ಕೂತಿರುತ್ತದೆ. ಕುಲುಕದೆ ಸುರಿದರೆ ಟಯರಿಗೆ ಹೋಗುವುದು ಮೇಲಿನ ತಿಳಿ, ತೂತು ಮುಚ್ಚುವ ಕಣಗಳು ಬಾಟಲಿಯಲ್ಲೇ ಉಳಿಯುತ್ತವೆ. ಸಿರಿಂಜಿಗೆ ತುಂಬಿ ವಾಲ್ವಿನ ಮೂಲಕ ಇಳಿಸಿ, ತಿರುಳು ಹಾಕಿ ಬಿಗಿ ಮಾಡಿ, 35 ಪಿಎಸ್‌ಐ ತುಂಬಿ. ದೊಡ್ಡ ಕಣಗಳಿರುವ ಕೆಲವು ಸೀಲೆಂಟ್‌ಗಳು ವಾಲ್ವಿನಲ್ಲಿ ಇಳಿಯುವುದಿಲ್ಲ. ಅವನ್ನು ಟಯರಿನ ಒಂದು ಬದಿ ಸ್ವಲ್ಪ ತೆರೆದು ನೇರ ಸುರಿಯಬೇಕು.

7. ಎಲ್ಲ ಕಡೆ ಹರಡಿ. ಚಕ್ರವನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಮೊರದಲ್ಲಿ ಅಕ್ಕಿ ಕೇರುವಂತೆ ಓಲಾಡಿಸುತ್ತಾ ಸುತ್ತಲೂ ತಿರುಗಿಸಿ. ಮಗುಚಿ ಇನ್ನೊಂದು ಬದಿಗೂ ಹಾಗೇ ಮಾಡಿ. ಬಕೆಟ್ಟಿನ ಮೇಲೆ ಅಡ್ಡ ಮಲಗಿಸಿ ಪ್ರತಿ ಬದಿಗೂ 10 ನಿಮಿಷ ಬಿಡಿ. ಪಕ್ಕದಲ್ಲಿ ಸೋಪಿನ ಗುಳ್ಳೆ ಏಳುವುದು, ಬಿಳಿ ಚುಕ್ಕೆ ಜಿನುಗುವುದು ಸಹಜ, ತಾನೇ ನಿಲ್ಲುತ್ತದೆ. ಆಮೇಲೆ ನಾಲ್ಕಾರು ಕಿ.ಮೀ. ಓಡಿಸಿ. ಮಾರನೆಯ ಬೆಳಿಗ್ಗೆ 5-10 ಪಿಎಸ್‌ಐ ಇಳಿದಿದ್ದರೆ ಗಾಬರಿ ಬೇಡ, ಎರಡು ಮೂರು ದಿನದಲ್ಲಿ ನಿಲ್ಲುತ್ತದೆ.

ಸೋರುತ್ತಲೇ ಇದ್ದರೆ

ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ. ಸ್ಪೋಕ್ ನಿಪ್ಪಲಿನಿಂದಲೋ ರಿಮ್ಮಿನ ಬೆಸುಗೆಯಿಂದಲೋ ಬಂದರೆ ತಪ್ಪು ಟೇಪಿನದು. ಒಂದು ವಿಷಯ ಗಮನಿಸಿ: ನಿಪ್ಪಲಿನಲ್ಲಿ ಗುಳ್ಳೆ ಕಂಡಿತೆಂದು ಟೇಪ್ ಅಲ್ಲೇ ಹರಿದಿರಬೇಕೆಂದಿಲ್ಲ. ಗಾಳಿ ಎಲ್ಲೋ ಒಂದು ಕಡೆ ಟೇಪಿನಡಿ ನುಸುಳಿ, ಟೊಳ್ಳು ರಿಮ್ಮಿನೊಳಗೆ ಓಡಾಡಿ, ಸಿಕ್ಕ ತೂತಿನಿಂದ ಹೊರಬರುತ್ತದೆ. ತೇಪೆ ಹಾಕದೆ ಪೂರ್ತಿ ಟೇಪ್ ಬದಲಿಸಿ. ವಾಲ್ವಿನ ಬುಡದಲ್ಲಿ ಬಂದರೆ ನಟ್ ಇನ್ನರ್ಧ ಸುತ್ತು, ವಾಲ್ವಿನ ತುದಿಯಲ್ಲಿ ಬಂದರೆ ತಿರುಳನ್ನು ಬಿಗಿ ಮಾಡಿ. ಬೀಡಿನ ಒಂದೇ ಜಾಗದಲ್ಲಿ ಬಂದರೆ ಆ ಭಾಗ ಕೆಳಗೆ ಬರುವಂತೆ ಚಕ್ರ ಒರಗಿಸಿ ರಾತ್ರಿಯಿಡೀ ಬಿಡಿ.

ಎಷ್ಟು ಗಾಳಿ?

70 ಕೆ.ಜಿ. ತೂಕದವರು, 2.25 ಇಂಚಿನ ಟಯರ್, 25 ಮಿ.ಮೀ. ರಿಮ್ ಎಂದರೆ ಮುಂದೆ 22, ಹಿಂದೆ 25 ಪಿಎಸ್‌ಐಯಿಂದ ಶುರು ಮಾಡಿ. ತೂಕ ಹೆಚ್ಚಿದ್ದರೆ, ರಿಮ್ ಕಿರಿದಾಗಿದ್ದರೆ ಎರಡು ಮೂರು ಜಾಸ್ತಿ. ಅಲ್ಲಿಂದ ಒಂದೊಂದೇ ಪಿಎಸ್‌ಐ ಇಳಿಸಿ ನೋಡಿ. ಕಲ್ಲಿಗೆ ಬಡಿದಾಗ ರಿಮ್ಮಿನ ‘ಠಣ್’ ಸದ್ದು ಕೇಳಿದರೆ, ಅಥವಾ ತಿರುವಿನಲ್ಲಿ ಟಯರ್ ಮಡಚಿ ‘ಭುಸ್’ ಎಂದು ಗಾಳಿ ಉಗುಳಿದರೆ ತೀರಾ ಇಳಿಸಿದ್ದೀರಿ. ಎರಡು ಪಿಎಸ್‌ಐ ಏರಿಸಿ. ಬೆರಳಿನಿಂದ ಒತ್ತಿ ಅಂದಾಜು ಮಾಡುವ ಅಭ್ಯಾಸ ಇಲ್ಲಿ ನಡೆಯದು. ಕಡಿಮೆ ಒತ್ತಡ ತೋರಿಸಬಲ್ಲ ಗೇಜು ಕೊಳ್ಳಿ. ಟ್ಯೂಬ್‌ಲೆಸ್ ಮಾಡಿಸಿಯೂ 40 ಪಿಎಸ್‌ಐ ಇಟ್ಟು ಓಡಿಸುವವರು ಅರ್ಧ ಲಾಭವನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಾರೆ.

ಆರೈಕೆ

ಪ್ರತಿ ಸಲ ಹೊರಡುವ ಮೊದಲು ಗಾಳಿ ನೋಡಿ. ಎರಡು ಮೂರು ತಿಂಗಳಿಗೊಮ್ಮೆ ಸೀಲೆಂಟ್ ಪರೀಕ್ಷಿಸಿ. ಬಯಲುಸೀಮೆಯ ಮಾರ್ಚ್-ಮೇ ಬಿಸಿಲಿನಲ್ಲಿ ಆರು ವಾರಕ್ಕೇ ನೋಡುವುದು ಒಳ್ಳೆಯದು. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ದ್ರವ ಕುಲುಕುವ ಸದ್ದು ಬರಬೇಕು. ಬರದಿದ್ದರೆ 60 ಮಿ.ಲೀ. ಸೇರಿಸಿ. ವಾಲ್ವಿನ ತಿರುಳಿನಲ್ಲಿ ಹೆಪ್ಪು ಕಟ್ಟಿ ಗಾಳಿ ಹೋಗದಿದ್ದರೆ ಬಿಚ್ಚಿ ಉಗುರಿನಿಂದ ಕೆರೆದು ತೆಗೆಯಿರಿ, ಆಗದಿದ್ದರೆ ಹೊಸ ತಿರುಳು ಹಾಕಿ. ವರ್ಷಕ್ಕೊಮ್ಮೆ ಟಯರ್ ಬಿಚ್ಚಿ ಒಳಗೆ ಉಂಡೆಗಟ್ಟಿದ ರಬ್ಬರನ್ನು ಸುಲಿದು, ಟೇಪಿನ ಅಂಚು ಎದ್ದಿದೆಯೇ ನೋಡಿ.

ದಾರಿಯಲ್ಲಿ ಪಂಕ್ಚರ್ ಆದರೆ

ಟ್ಯೂಬ್‌ಲೆಸ್ ಮಾಡಿದ ಮೇಲೂ ಒಂದು ಟ್ಯೂಬ್, ಪಂಪು, ಪ್ಲಗ್ ಕಿಟ್ ಜೊತೆಗಿರಲಿ. ಪ್ಲಗ್ ಎಂದರೆ ಅಂಟು ಹಚ್ಚಿದ ದಾರದಂಥ ತುಂಡು, ಸೂಜಿಯಿಂದ ತೂತಿಗೆ ತುರುಕುವಂಥದ್ದು. ಸಣ್ಣ ಮುಳ್ಳನ್ನು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಒಂದು ನಿಮಿಷ ನಿಲ್ಲಿಸಿದರೆ ಸಾಕು. ದಪ್ಪ ಮೊಳೆ, ದೊಡ್ಡ ಜಾಲಿ ಮುಳ್ಳು ಇದ್ದರೆ ಪ್ಲಗ್ ಕೈಯಲ್ಲಿ ಸಿದ್ಧ ಮಾಡಿಕೊಂಡ ಮೇಲೆಯೇ ಕೀಳಿ. ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್‌ನಿಂದ ಗಾಳಿ ತುಂಬಿದರೆ ಹಲವು ರಬ್ಬರ್ ಹಾಲಿನ ಸೀಲೆಂಟ್‌ಗಳು ಟಯರಿನೊಳಗೇ ಹೆಪ್ಪುಗಟ್ಟಿಬಿಡುತ್ತವೆ, ಕೈಪಂಪೇ ಮೇಲು.

ಪಕ್ಕದ ಗೋಡೆ ಕಲ್ಲಿಗೆ ಹರಿದು ಪ್ಲಗ್ ನಿಲ್ಲದಿದ್ದರೆ ಟ್ಯೂಬೇ ಗತಿ. ವಾಲ್ವ್ ಬಿಚ್ಚಿ, ಹರಿದ ಜಾಗಕ್ಕೆ ಒಳಗಿನಿಂದ ಹಳೇ ಟಯರಿನ ತುಂಡನ್ನೋ ಮಡಚಿದ ಬಿಸ್ಕತ್ ಪೊಟ್ಟಣದ ಹಾಳೆಯನ್ನೋ ಇಟ್ಟು ಟ್ಯೂಬ್ ಹಾಕಿ. ಅದಕ್ಕೂ ಮೊದಲು, ಎಷ್ಟೇ ಅವಸರವಿದ್ದರೂ, ಟಯರಿನ ಒಳಮೈ ಮೇಲೆ ಸುತ್ತಲೂ ಮೆಲ್ಲಗೆ ಬೆರಳಾಡಿಸಿ. ತಿಂಗಳುಗಟ್ಟಲೆ ಸೀಲೆಂಟ್ ಮುಚ್ಚಿಟ್ಟ ಮುಳ್ಳುಗಳ ಮೊನೆಗಳೆಲ್ಲ ಅಲ್ಲೇ ಇರುತ್ತವೆ. ಒಂದೊಂದನ್ನೂ ಕಿತ್ತು ಹಾಕದಿದ್ದರೆ ಹೊಸ ಟ್ಯೂಬ್ ನೂರು ಮೀಟರ್ ಕೂಡ ಬರುವುದಿಲ್ಲ.